ಗಾಜಿನ ಹಿಂದಿನ ಅಳಿವೆ

ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ, ಒಂದು ವಸ್ತುಸಂಗ್ರಹಾಲಯದಲ್ಲಿ ಇಪ್ಪತ್ತೆಂಟು ವರ್ಷ ನಾನು ಗಾಜಿನ ಹಿಂದೆ ಕಾಡು, ಗುಡ್ಡ, ಕೆರೆ ಕಟ್ಟುವ ಕೆಲಸ ಮಾಡಿದೆ. ಅದರ ಹೆಸರು ಇಲ್ಲಿ ಬೇಡ. ಶಾಲೆಯ ಮಕ್ಕಳು ಸಾಲಾಗಿ ಬಂದು ಮೂಗು ಒತ್ತಿ ನೋಡುವ ದೊಡ್ಡ ಪೆಟ್ಟಿಗೆಗಳಿರುತ್ತವಲ್ಲ, ನಡುವೆ ಹೊಟ್ಟೆಗೆ ಹತ್ತಿ ತುಂಬಿದ ಜಿಂಕೆಯೋ ಚಿರತೆಯೋ, ಹಿಂದಿನ ಗೋಡೆಯಲ್ಲಿ ಬಣ್ಣದ ಬೆಟ್ಟ, ಮುಂದೆ ಮೇಣದ ಎಲೆ, ಪ್ಲಾಸ್ಟರಿನ ಮಣ್ಣು. ಅವನ್ನು ಯಾರೋ ಕೂತು ಮಾಡುತ್ತಾರೆ ಎಂದು ಯಾರಿಗೂ ಹೊಳೆಯುವುದಿಲ್ಲ. ನಾನು ಅಲ್ಲಿ ಕಸ ಹೊಡೆಯುತ್ತೇನೆ, ಹೇಳಿಕೊಳ್ಳಲು ನಾಚಿಕೆ ಅಷ್ಟೆ ಎಂಬ ಅನುಮಾನ ನಮ್ಮ ಅತ್ತೆಗೆ ಕೊನೆಯವರೆಗೂ ಹೋಗಲಿಲ್ಲ.

ಈಗ ನಾನು ಬಿಟ್ಟುಬಂದ ಮೇಜಿಗೆ ಇಬ್ಬರು ಹೊಸಬರು ಬಂದಿದ್ದಾರೆ. ಕಲಾಶಾಲೆಯಲ್ಲಿ ಓದಿದವರು, ಕಂಪ್ಯೂಟರಿನಲ್ಲಿ ಎಲೆ ಬರೆಯಬಲ್ಲವರು. "ಮೇಡಂ, ನಿಮ್ಮ ಕಾಲದ್ದು ಏನಾದ್ರೂ ಬರೆದುಕೊಡಿ" ಎಂದು ಕೇಳಿದರು. ಯಾವಾಗ ಕಾಯಂ ಆದೆ, ಯಾವಾಗ ಬಡ್ತಿ ಬಂತು ಎಂಬುದು ಕಡತದಲ್ಲಿದೆ, ಬೇಕಾದವರು ನೋಡಿಕೊಳ್ಳಲಿ. ನಾನು ಬರೆಯುವುದು ಒಂದೇ ಒಂದು ಪೆಟ್ಟಿಗೆಯ ವಿಷಯ, ಅದರೊಳಗೆ ನಾನು ಮಾಡಿದ ತಪ್ಪಿನ ವಿಷಯ.

ಮೊದಲು ನಮ್ಮ ಮೇಷ್ಟ್ರ ಪರಿಚಯ ಮಾಡಿಕೊಡಬೇಕು. ಆರೋಗ್ಯಸ್ವಾಮಿ ಅಂತ, ಹಲಸೂರಿನವರು. ಹಕ್ಕಿ ಪ್ರಾಣಿಗಳ ಚರ್ಮ ಹದ ಮಾಡಿ ತುಂಬುವುದು, ಹಿಂದಿನ ಗೋಡೆಯ ಚಿತ್ರ ಬರೆಯುವುದು, ಎರಡೂ ಬಲ್ಲವರು ಅವರೊಬ್ಬರೇ. ನಾನು ಕೆಲಸ ಕೇಳಿಕೊಂಡು ಹೋದ ದಿನ ಒಂದು ಅರಳಿ ಎಲೆ ಕೊಟ್ಟು, ಇದರ ಹಾಗೆ ಇನ್ನೊಂದು ಮಾಡು ಎಂದರು. ಎಲೆಯಿಂದ ಪ್ಲಾಸ್ಟರ್ ಅಚ್ಚು ತೆಗೆದು, ಹತ್ತಿ ಬಟ್ಟೆಯನ್ನು ಬಿಸಿ ಮೇಣದಲ್ಲಿ ಅದ್ದಿ ಅಚ್ಚಿಗೆ ಒತ್ತಬೇಕು. ಮೂರು ದಿನ ಬೆರಳು ಸುಟ್ಟುಕೊಂಡು ಒಂದು ಎಲೆ ಮಾಡಿ, ದೇವರ ಮುಂದೆ ಇಡುವ ಹಾಗೆ ಅವರ ಮುಂದಿಟ್ಟೆ.

"ತುಂಬಾ ಚೆನ್ನಾಗಿದೆಮ್ಮಾ" ಎಂದರು. "ಯಾವ ಅಂಗಡಿಯಲ್ಲಿ ಸಿಗುತ್ತೆ ಈ ಥರ ಎಲೆ?"

ನನಗೆ ಅರ್ಥವಾಗಲಿಲ್ಲ.

"ಒಂದು ಹುಳ ತಿಂದಿಲ್ಲ, ಒಂದು ಧೂಳಿಲ್ಲ. ಮರದಲ್ಲಿರೋ ಎಲೆ ಹೋಗಿ ನೋಡು, ಹೋಗು."

ಸಿಟ್ಟು ನೆತ್ತಿಗೇರಿತು. ಹೊರಗೆ ಹೋಗಿ ಮರ ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೆ ಇನ್ನೂ ಸಿಟ್ಟು ಬಂತು. ಅವರ ಕೈಕೆಳಗೆ ಕಲಿತದ್ದೆಲ್ಲ ಹೀಗೆ ಹಲ್ಲು ಕಚ್ಚಿಕೊಂಡೇ. ಒಮ್ಮೆ ನಾನು ಮೈದಾ ಅಂಟಿಗೆ ಇಲಿ ಮುಟ್ಟದಂತೆ ಮೈಲುತುತ್ತ ಹಾಕುವುದನ್ನು ಮರೆತೆ. ಇಲಿಗಳು ಬಂದು ಆ ಅಂಟಿನ ಆಸೆಗೆ ಅರ್ಧ ಬಿದಿರು ಮೆಳೆಯನ್ನು ತಿಂದು ಮುಗಿಸಿದವು. ಮೇಷ್ಟ್ರು ಬೈಯಲಿಲ್ಲ. "ಇಲಿಗಳಿಗೆ ನಿನ್ನ ಅಡುಗೆ ಹಿಡಿಸಿದೆಮ್ಮಾ" ಎಂದು ವರ್ಷವಿಡೀ ಹೇಳುತ್ತಿದ್ದರು.

ಅವರದೊಂದು ಅಭ್ಯಾಸವಿತ್ತು. ಬಣ್ಣ ಕಲಸುವಾಗ ಡಬ್ಬಿ ತೋರಿಸಿ, "ಹೇಳು ನೋಡೋಣ, ಇದ್ಯಾವ್ದು? ಇದಕ್ಕೆ ಹಳದಿ ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?" ಎಂದು ಕೇಳುವುದು. ನಾನು ಉತ್ತರ ಹೇಳುವುದು, ಅವರು ಹೂಂಗುಟ್ಟುವುದು. ದಿನವೂ ನನಗೆ ಪರೀಕ್ಷೆ ಎಂದುಕೊಂಡು ಎರಡು ವರ್ಷ ಹೆದರುತ್ತಲೇ ಉತ್ತರ ಕೊಟ್ಟೆ. ಎಲೆಯ ಅಂಚನ್ನು ಬೆರಳಲ್ಲಿ ಸವರಿ ಸವರಿ ನೋಡುತ್ತಿದ್ದರು. ಇದು ದೊಡ್ಡ ಕಸಬುದಾರರ ಶಿಸ್ತು ಎಂದುಕೊಂಡಿದ್ದೆ.

ತೊಂಬತ್ತರ ದಶಕದ ನಡುವೆ ಕರಾವಳಿಯ ಅಳಿವೆಯ ಪೆಟ್ಟಿಗೆ ಮಾಡಬೇಕೆಂದು ಆದೇಶ ಬಂತು. ಅಳಿವೆ ಎಂದರೆ ಹೊಳೆ ಕಡಲಿಗೆ ಸೇರುವ ಕಡೆ, ಉಪ್ಪು ನೀರು ಒಳಗೆ ಬಂದು ಸದ್ದಿಲ್ಲದೆ ನಿಂತಿರುವ ಜಾಗ. ಮೇಷ್ಟ್ರಿಗೆ ನಿವೃತ್ತಿಗೆ ಎಂಟು ತಿಂಗಳಿತ್ತು. ಅವರ ಕೊನೆಯ ದೊಡ್ಡ ಕೆಲಸ ಇದು, ಪೆಟ್ಟಿಗೆಯ ಕೆಳಗೆ ಹಿತ್ತಾಳೆ ಫಲಕದಲ್ಲಿ ಅವರ ಹೆಸರು ಹಾಕಿಸುವುದು ಎಂದು ಡೈರೆಕ್ಟರು ಹೇಳಿದ್ದರು. ಅಲ್ಲಿಯವರೆಗೆ ನಮ್ಮಲ್ಲಿ ಕೆಲಸಗಾರರ ಹೆಸರು ಎಲ್ಲೂ ಹಾಕಿದ್ದಿಲ್ಲ. ಮೇಷ್ಟ್ರು ಹನ್ನೊಂದು ದಿನ ಕುಂದಾಪುರದ ಕಡೆ ಹೋಗಿ ಅಳಿವೆ ದಂಡೆಯಲ್ಲಿ ಕೂತು ಚಿತ್ರ ಬರೆದುಕೊಂಡು ಬಂದರು. ಪುಸ್ತಕದ ಅಂಚಿನಲ್ಲಿ ತಮಿಳಿನಲ್ಲಿ ಏನೇನೋ ಗುರುತು ಹಾಕಿದ್ದರು. ನನಗೆ ತಮಿಳು ಮಾತು ಬರುತ್ತದೆ, ಓದಲು ಬರುವುದಿಲ್ಲ. ಸಮುದ್ರವನ್ನಂತೂ ನಾನು ಆವರೆಗೆ ಕ್ಯಾಲೆಂಡರಿನಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ.

ಐದು ತಿಂಗಳ ಕೆಲಸ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳು ಕೆಸರಿನಿಂದ ಮೇಲೆದ್ದು ಬಾಗಿ ಮತ್ತೆ ಕೆಸರಿಗೇ ಇಳಿಯುತ್ತವೆ. ಅವನ್ನು ಮೇಷ್ಟ್ರು ಕಬ್ಬಿಣದ ತಂತಿಗೆ ಗೋಣಿ ನಾರು ಸುತ್ತಿ ಒಂದೊಂದಾಗಿ ಕೈಯಾರೆ ಕಟ್ಟಿದರು. ಹಕ್ಕಿಗಳು ಹಳೆಯ ಸಂಗ್ರಹದವು, ಒಂದು ಬೆಳ್ಳಕ್ಕಿ, ಒಂದು ಗರುಡ. ಮಿಂಚುಳ್ಳಿ ಮಾತ್ರ ಹೊಸದು. ರಿಚರ್ಡ್ಸ್ ಟೌನಿನ ಒಬ್ಬ ಮುದುಕಿ, ತನ್ನ ಕಿಟಕಿ ಗಾಜಿಗೆ ಬಡಿದು ಸತ್ತ ಹಕ್ಕಿಯನ್ನು ಬೂಟಿನ ಪೆಟ್ಟಿಗೆಯಲ್ಲಿ ಇಟ್ಟು ತಂದುಕೊಟ್ಟಿದ್ದರು. ಅದನ್ನು ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿ ಸಣ್ಣ ತಂತಿಯಿಂದ ಕೂರಿಸಿದೆವು. ಬೇರುಗಳ ನಡುವೆ ಒಂದು ನೀರುನಾಯಿ, ಕೆಸರಿನಲ್ಲಿ ಏಡಿಗಳು, ಕೆಸರಿನ ಮೇಲೆ ಕುಪ್ಪಳಿಸುವ ಪುಟ್ಟ ಮೀನುಗಳು. ಹಿಂದಿನ ಗೋಡೆಯಲ್ಲಿ ಆಚೆ ದಡ, ತೆಂಗಿನ ಸಾಲು. ಎಲ್ಲದರ ಮೇಲೆ ತೆಳ್ಳಗೆ ಮಂಜು. ಆ ಮಂಜನ್ನು ಬರೆದ ರೀತಿ ನೋಡಿ ನಾನು ಬೆರಗಾಗಿ ನಿಂತಿದ್ದೆ. ಕುಂಚದ ಗುರುತೇ ಇಲ್ಲ, ಆಚೆ ದಡ ಇದೆಯೋ ಇಲ್ಲವೋ ಅನ್ನುವ ಹಾಗೆ ಕರಗಿಹೋಗಿತ್ತು.

ಕೆಸರು ನನ್ನ ಪಾಲಿಗೆ ಬಂತು. ನಾನು ದೊಮ್ಮಲೂರಿನವಳು. ನಮ್ಮಪ್ಪ ಕೆರೆಯಂಚಿನಲ್ಲಿ ಸೊಪ್ಪು ಬೆಳೆಯುತ್ತಿದ್ದರು. ಆಮೇಲೆ ಆ ಹೊಲಗಳ ಮೇಲೆ ಮನೆಗಳೆದ್ದವು, ಆದರೆ ಕೆಸರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ಹಾಗೇ ಉಳಿದಿತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಕೆರೆಯಂಗಳ ಬಿರುಕು ಬಿಡುತ್ತದಲ್ಲ, ಹಪ್ಪಳದಂತೆ ಅಂಚು ಮೇಲೆದ್ದು, ಆ ಅಂದವನ್ನೇ ತರಬೇಕೆಂದುಕೊಂಡೆ. ನಮ್ಮೂರ ಕೆರೆಯಂಗಳದಲ್ಲೇ ಕೂತು ಪ್ಲಾಸ್ಟರ್ ಸುರಿದು ಬಿರುಕುಗಳ ಅಚ್ಚು ತೆಗೆದೆ. ಗೋಣಿಯಲ್ಲಿ ಸುತ್ತಿ ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ತಂದೆ. ಕಾಂಡ್ಲಾ ಬೇರಿನ ಬುಡದಲ್ಲಿ, ನೀರಿನಂಚಿನವರೆಗೂ ಅದನ್ನು ಹಾಸಿ ಬಣ್ಣ ಹಚ್ಚಿದೆ.

ಮೇಷ್ಟ್ರು ನೋಡಲು ಬಂದಾಗ ಕೈ ಚಾಚಿದರು. "ಮುಟ್ಬೇಡಿ ಮೇಷ್ಟ್ರೇ, ಇನ್ನೂ ಹಸಿ" ಎಂದೆ. ಕೈ ಹಿಂದೆ ತೆಗೆದುಕೊಂಡರು.

"ಒಳ್ಳೆ ಕೆಸರುಮ್ಮಾ" ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿ ಆ ರಾತ್ರಿ ನನಗೆ ಊಟವೂ ಬೇಕಾಗಲಿಲ್ಲ.

ಗಾಜು ಕೂರಿಸುವವರೆಗೆ ಪೆಟ್ಟಿಗೆಯ ಮುಂದೆ ಪರದೆ ಇಳಿಬಿಡುವುದು ಮೇಷ್ಟ್ರ ಕಟ್ಟುಪಾಡು. ಅರ್ಧ ಬೆಂದದ್ದನ್ನು ಹೊರಗಿನವರಿಗೆ ತೋರಿಸಬಾರದು, ಕಣ್ಣು ಬೀಳುತ್ತದೆ ಎನ್ನುತ್ತಿದ್ದರು. ಹಾಗಾಗಿ ದಿನಕ್ಕೆರಡು ಸಲ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದ ಪಕ್ಕದ ಹೋಟೆಲಿನ ಶೀನಣ್ಣನಿಗೂ ಒಳಗೇನಿದೆ ಎಂದು ಗೊತ್ತಿರಲಿಲ್ಲ. ಐವತ್ತು ದಾಟಿದ ಆಸಾಮಿ, ಅಳಿವೆಯ ದಂಡೆಯಲ್ಲೇ ಹುಟ್ಟಿ ಬೆಳೆದವನು. ಅವನನ್ನು ಕರೆದು ಒಂದು ಮಾತು ಕೇಳಬಹುದಿತ್ತು. ಕಾಫಿ ತರುವವನನ್ನು ಯಾರು ಕೇಳುತ್ತಾರೆ?

ಸೋಮವಾರ ಉದ್ಘಾಟನೆ. ಹಿಂದಿನ ಗುರುವಾರ ಶಿವಾಜಿನಗರದ ಗಾಜಿನ ಅಂಗಡಿಯವರು ಆಳೆತ್ತರದ ಗಾಜನ್ನು ತಂದು ಕೂರಿಸಿ, ಸುತ್ತ ಪಟ್ಟಿ ಬಿಗಿದು ಹೋದರು. ಶುಕ್ರವಾರ ಬೆಳಿಗ್ಗೆ ನಾನು ಪರದೆ ಸರಿಸಿ ಗಾಜು ಒರೆಸುತ್ತಿದ್ದೆ. ಶೀನಣ್ಣ ಫ್ಲಾಸ್ಕ್ ಹಿಡಿದು ಬಂದವನು ಹಾಗೇ ನಿಂತುಬಿಟ್ಟ. ಅವನ ಮುಖ ಅರಳಿತು. ಗರುಡನನ್ನು ನೋಡಿದ, ನೀರುನಾಯಿಯನ್ನು ನೋಡಿ ನಕ್ಕ. ಆಮೇಲೆ ಬಗ್ಗಿ ಕೆಳಗೆ ನೋಡಿದ.

"ಇದೆಂತ ಅಕ್ಕ, ಕೆಸರು ಒಡ್ದು ಹೋಗಿದೆ?"

"ಬೇಸಿಗೆ ಕಣಣ್ಣ. ಒಣಗಿ ಬಿರುಕು ಬಿಟ್ಟಿರೋದು."

"ಎಂತ ಒಣಗುದು ಮಾರಾಯ್ರೆ! ದಿನಕ್ಕೆ ಎರಡು ಸಲ ನೀರು ಏರ್ತದೆ, ಎರಡು ಸಲ ಇಳೀತದೆ. ಕಾಂಡ್ಲಾ ಬುಡ ಒಣಗ್ಲಿಕ್ಕೆ ಪುರುಸೊತ್ತು ಎಲ್ಲುಂಟು? ಅಲ್ಲಿ ಕೆಸರು ಅಂದ್ರೆ ಬೆಣ್ಣೆ. ಕಾಲಿಟ್ರೆ ಮೊಣಕಾಲವರೆಗೆ ಹೋಗ್ತದೆ." ಆಮೇಲೆ ಸಂಕೋಚದಿಂದ ಹೇಳಿದ, "ಚಂದ ಉಂಟು ಅಕ್ಕ. ಆದ್ರೆ ನಮ್ಮೂರಲ್ಲ."

ನಾನೂ ಬಗ್ಗಿ ನೋಡಿದೆ. ಅಷ್ಟು ಸರಳ ವಿಷಯ. ನಾನು ಅಳಿವೆ ಮಾಡಿರಲಿಲ್ಲ, ದೊಮ್ಮಲೂರು ಕೆರೆಯ ಸುತ್ತ ಕಾಂಡ್ಲಾ ನೆಟ್ಟಿದ್ದೆ. ಕರಾವಳಿಯಿಂದ ಬಂದ ಮಗು ಕೂಡ ಅದನ್ನು ನೋಡಿ ನಗುತ್ತದೆ. ಅದರ ಕೆಳಗೆ ಹಿತ್ತಾಳೆಯಲ್ಲಿ ಇರುವುದು ನನ್ನ ಹೆಸರಲ್ಲ, ಮೇಷ್ಟ್ರದ್ದು.

ಓಡಿದೆ. ಮೇಷ್ಟ್ರು ಮೇಜಿನ ಮುಂದೆ ಕುಂಚ ತೊಳೆಯುತ್ತಿದ್ದರು. ಒಂದೇ ಉಸಿರಿಗೆ ಹೇಳಿದೆ. ಜತೆಗೆ, ನನ್ನ ಭಯವೆಲ್ಲ ಸಿಟ್ಟಾಗಿ, "ನೀವಾದ್ರೂ ಹೇಳ್ಬಾರ್ದಿತ್ತಾ ಮೇಷ್ಟ್ರೇ? ಹನ್ನೊಂದು ದಿನ ಅಲ್ಲೇ ಕೂತಿದ್ರಿ. ಅಷ್ಟೊಂದು ಬಿರುಕು ಇದ್ರೂ ಒಳ್ಳೆ ಕೆಸರು ಅಂದ್ಬಿಟ್ರಲ್ಲ?" ಎಂದೆ.

ಮೇಷ್ಟ್ರು ಕುಂಚ ಕೆಳಗಿಟ್ಟರು. "ಬಿರುಕಾ?" ಎಂದರು. "ಯಾವ ಬಿರುಕು?"

ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡುತ್ತಿದ್ದರು, ಆದರೆ ನನ್ನ ಕಣ್ಣಿಗಿಂತ ಸ್ವಲ್ಪ ಪಕ್ಕಕ್ಕೆ. ಬಣ್ಣದ ಡಬ್ಬಿಯ ಪರೀಕ್ಷೆ, ಎಲೆ ಸವರುವುದು, ಎಲ್ಲ ಒಟ್ಟಿಗೆ ತಲೆಗೆ ಬಂತು. ಪರೀಕ್ಷೆ ಯಾವತ್ತೂ ನನಗೆ ನಡೆದಿರಲಿಲ್ಲ. ಎರಡು ವರ್ಷ ಅವರು ನನ್ನ ಕಣ್ಣಿನಲ್ಲಿ ನೋಡುತ್ತಿದ್ದರು.

"ಎರಡು ಕಣ್ಣಿಗೂ ಪೊರೆಮ್ಮಾ" ಎಂದರು. "ನಮ್ಮಣ್ಣ ಆಪರೇಷನ್ ಮಾಡಿಸ್ಕೊಂಡ, ಇದ್ದಿದ್ದೂ ಹೋಯ್ತು. ನಂಗೆ ಭಯ. ಕಣ್ಣು ಕಾಣಲ್ಲ ಅಂತ ತಿಳಿದ್ರೆ ಇಲ್ಲಿ ಯಾರು ಕುಂಚ ಕೊಡ್ತಾರೆ? ಇದೊಂದು ಮುಗಿದ್ಬಿಡ್ಲಿ ಅಂತಿದ್ದೆ." ಆಮೇಲೆ ಮೆಲ್ಲಗೆ, "ಯಾರಿಗೂ ಹೇಳ್ಬೇಡ" ಎಂದರು.

ಗಾಜು ತೆಗೆಯದೆ ಕೆಸರು ಸರಿಮಾಡುವಂತಿರಲಿಲ್ಲ. ಡೈರೆಕ್ಟರ ಅಪ್ಪಣೆಯಿಲ್ಲದೆ ಗಾಜು ತೆಗೆಯುವಂತಿರಲಿಲ್ಲ. ಹಿಂದೊಮ್ಮೆ ಚಿರತೆಯ ಪೆಟ್ಟಿಗೆಯ ಗಾಜು ಸೀಳಿ ಒಬ್ಬನ ಅಂಗೈ ಹರಿದ ಮೇಲೆ ಬಂದ ಕಟ್ಟುನಿಟ್ಟು ಅದು. ಏಕೆ ತೆಗೆಯಬೇಕೆಂದು ಅವರು ಕೇಳಿಯೇ ಕೇಳುತ್ತಾರೆ. ಕೆಸರು ತಪ್ಪು ಎಂದರೆ, ಆರೋಗ್ಯಸ್ವಾಮಿ ನೋಡಲಿಲ್ಲವೇ ಎನ್ನುತ್ತಾರೆ. ಸುಮ್ಮನಿದ್ದುಬಿಟ್ಟರೆ? ಸೋಮವಾರ ಬರುವ ದೊಡ್ಡವರಲ್ಲಿ ಯಾರೂ ಬಗ್ಗಿ ಕೆಸರು ನೋಡುವುದಿಲ್ಲ. ಆ ಯೋಚನೆಯೂ ಬಂತು, ಸುಳ್ಳು ಹೇಳುವುದಿಲ್ಲ. ಅರ್ಧ ಗಂಟೆ ಪರದೆಯ ಹಿಂದೆ ಕೂತಿದ್ದೆ. ಶೀನಣ್ಣನ "ನಮ್ಮೂರಲ್ಲ" ಎಂಬ ಮಾತು ಕಿವಿಯಿಂದ ಹೋಗಲೇ ಇಲ್ಲ.

ಡೈರೆಕ್ಟರ ಕೋಣೆಗೆ ಹೋದಾಗ ಹನ್ನೆರಡು ಗಂಟೆ. ನಾನು ಬೇಡವೆಂದರೂ ಮೇಷ್ಟ್ರು ನನ್ನ ಹಿಂದೆಯೇ ಬಂದರು.

"ಏನ್ರೀ ಜಯಾ, ಸೋಮವಾರ ಫಂಕ್ಷನ್ ಇಟ್ಕೊಂಡು ಈಗ ಗಾಜು ತೆಗೀಬೇಕಾ? ತಲೆ ಸರಿಯಿದೆಯಾ?" ಡೈರೆಕ್ಟರ ಧ್ವನಿ ಪಡಸಾಲೆಗೂ ಕೇಳುತ್ತಿತ್ತು. "ಸ್ವಾಮಿ ಓಕೆ ಮಾಡಿರ್ಲಿಲ್ವಾ ಅದನ್ನ?"

"ಮೇಷ್ಟ್ರು ನೋಡೋವಾಗ ಬಿರುಕು ಇರ್ಲಿಲ್ಲ ಸಾರ್" ಎಂದೆ. "ಅವರು ನೋಡಿ ಹೋದ ಮೇಲೆ ನಾನೇ ಅಂದ ಕಾಣ್ಲಿ ಅಂತ ಹಾಕ್ದೆ. ಅವರಿಗೆ ಗೊತ್ತೇ ಇಲ್ಲ."

ಆಗ ನಾನು ದಿನಗೂಲಿಯವಳು. ಬಾಯಿಮಾತಿನಲ್ಲೇ ಮನೆಗೆ ಕಳಿಸಿಬಿಡಬಹುದಿತ್ತು. ಡೈರೆಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಮುಂದೆ ಬಂದರು. ಕುರ್ಚಿಯ ಬೆನ್ನನ್ನು ಹುಡುಕಿ ಹಿಡಿದುಕೊಂಡರು.

"ಸುಳ್ಳು ಹೇಳ್ತಾ ಇದಾಳೆ ಸಾರ್. ಬಿರುಕು ಇತ್ತು. ನಾನು ನೋಡ್ದೆ. ನಂಗೆ ಕಾಣಿಸ್ಲಿಲ್ಲ."

ಡೈರೆಕ್ಟರು ಕುರ್ಚಿ ಹಿಡಿದಿದ್ದ ಆ ಕೈ ನೋಡಿದರು.

"ಎಷ್ಟು ದಿನದಿಂದ ಸ್ವಾಮಿ?"

"ಎರಡು ವರ್ಷ ಸಾರ್."

ಡೈರೆಕ್ಟರು ಕನ್ನಡಕ ಹಾಕಿಕೊಂಡು ಫೋನೆತ್ತಿ ಗಾಜಿನ ಅಂಗಡಿಗೆ ಹಚ್ಚಿದರು. ಮಾತು ಮುಗಿಸಿ, "ನಾಳೆ ಬೆಳಿಗ್ಗೆ ಬರ್ತಾರೆ. ಭಾನುವಾರ ಸಂಜೆ ಗಾಜು ವಾಪಸ್ ಕೂತಿರ್ಬೇಕು. ಕಣ್ಣಿನ ವಿಷ್ಯ ಸೋಮವಾರ ಆದ್ಮೇಲೆ" ಎಂದರು. ಹಿತ್ತಾಳೆ ಫಲಕದ ವಿಷಯ ಎತ್ತಲಿಲ್ಲ. ನಮಗೂ ಕೇಳುವ ಧೈರ್ಯ ಇರಲಿಲ್ಲ.

ಶನಿವಾರ ಬೆಳಿಗ್ಗೆ ಗಾಜಿನ ಅಂಗಡಿಯ ಮೂವರು ಬಂದರು. ಪಟ್ಟಿಗಳನ್ನು ಬಿಚ್ಚಿ, ಗೋಣಿ ಮಡಿಸಿ ಹಿಡಿದು, "ಆಹಿಸ್ತಾ, ಆಹಿಸ್ತಾ", ನಿಧಾನ ನಿಧಾನ ಎಂದು ಒಬ್ಬರಿಗೊಬ್ಬರು ಹೇಳುತ್ತ ಗಾಜನ್ನು ಎತ್ತಿದರು. ಒಂದು ಮೂಲೆ ಚೌಕಟ್ಟಿಗೆ ತಾಗಿ ಕಿಣ್ ಎಂದಿತು. ಎಲ್ಲರೂ ಇದ್ದಲ್ಲೇ ನಿಂತೆವು. ಏನೂ ಆಗಲಿಲ್ಲ. ಗಾಜು ಗೋಡೆಗೆ ಒರಗಿದ ಮೇಲೆ ನಾನು ಉಸಿರು ಬಿಟ್ಟೆ.

ಬಿರುಕುಗಳಿಗೆ ತುಂಬಲು ಪ್ಲಾಸ್ಟರ್, ಜರಡಿ ಹಿಡಿದ ಮಣ್ಣು, ಅಂಟು ಸೇರಿಸಿ ಮೊಸರಿನ ಹದಕ್ಕೆ ಕಲಸಿದೆ. ಒಳಗೆ ಹೋಗುವುದು ಹೇಗೆ? ಬೇರುಗಳ ನಡುವೆ ಒಂದು ಅಡಿ ಜಾಗವಿಲ್ಲ. ನಾನು ಒಂದು ಹಲಗೆ ಹಾಸಿ ಮುಂದೆ ಬಾಗಿದೆ, ನನ್ನ ಸೆರಗು ಒಂದು ಏಡಿಗೆ ಸಿಕ್ಕಿ ಅದರ ಕಾಲು ಮುರಿಯಿತು. ಮೇಷ್ಟ್ರು ನನ್ನನ್ನು ಹೊರಗೆ ಕರೆದರು.

"ಬೇರು ಕಟ್ಟಿದ್ದು ನಾನು. ಎಲ್ಲಿ ಏನಿದೆ ಅಂತ ಕೈಗೆ ಗೊತ್ತು. ನೀನು ಬಟ್ಟಲು ಕೊಡು, ಬಾಯಲ್ಲಿ ದಾರಿ ಹೇಳು."

ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಸಿ, ಹಲಗೆಯ ಮೇಲೆ ಹೊಟ್ಟೆ ಊರಿ ಮಲಗಿದರು. ಬೆರಳಿನಿಂದ ಬಿರುಕನ್ನು ಹುಡುಕುವುದು, ತುಂಬುವುದು, ಹೆಬ್ಬೆರಳಿನಿಂದ ಸವರುವುದು. "ಎಡಕ್ಕೆ, ಬೇರಿನ ಹಿಂದೆ ಇನ್ನೊಂದಿದೆ" ಎಂದು ನಾನು, "ಸಿಕ್ತು" ಎಂದು ಅವರು. ಒಮ್ಮೆ ಅವರ ಭುಜ ಕೊಂಬೆಗೆ ತಾಗಿತು. ಮಿಂಚುಳ್ಳಿ ತಂತಿಯ ಮೇಲೆ ತೂಗಾಡತೊಡಗಿತು. ಬಿದ್ದಿದ್ದರೆ ಅದರ ಕೊಕ್ಕು ಹಸಿ ಪ್ಲಾಸ್ಟರಿನಲ್ಲಿ ಮುರಿಯುತ್ತಿತ್ತು, ಇನ್ನೊಂದು ಹಕ್ಕಿ ನಮ್ಮಲ್ಲಿರಲಿಲ್ಲ. "ಅಲ್ಲಾಡ್ಬೇಡಿ ಮೇಷ್ಟ್ರೇ!" ಎಂದು ಕಿರುಚಿದೆ. ಅವರು ಮುಖ ಕೆಸರಿಗೆ ಒತ್ತಿಕೊಂಡು ಮಲಗಿಬಿಟ್ಟರು. ತೂಗಾಟ ನಿಲ್ಲುವವರೆಗೆ ನಾನು ಅದನ್ನೇ ನೋಡುತ್ತ ನಿಂತಿದ್ದೆ. ಆಮೇಲೆ ಅವರು ತಲೆಯೆತ್ತಿದಾಗ ಮೂಗಿನ ತುದಿಯಲ್ಲಿ ಪ್ಲಾಸ್ಟರ್. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಸಂಜೆಗೆ ಬಿರುಕುಗಳು ಮುಚ್ಚಿದವು. ಎರಡು ಫ್ಯಾನು, ದೊಡ್ಡ ಬಲ್ಬುಗಳನ್ನಿಟ್ಟು ಒಣಗಿಸಿ, ಭಾನುವಾರ ಬಣ್ಣ ಹಚ್ಚಿ, ಮೇಲೆ ವಾರ್ನಿಷ್ ಎಳೆದೆ. ಕೆಸರು ಒದ್ದೆಯಾಗಿ ಹೊಳೆಯತೊಡಗಿತು. ಶೀನಣ್ಣನನ್ನು ಹೋಟೆಲಿನಿಂದ ಕೈಹಿಡಿದು ಕರೆತಂದೆ. ಅವನು ಬಗ್ಗಿ ನೋಡಿ, "ಇದೀಗ ಕಾಲು ಹುಗೀತದೆ" ಎಂದ. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಆಮೇಲೆ ಸಿಕ್ಕಿಲ್ಲ.

ಸೋಮವಾರ ಬಂದವರಿಗೆ ವಾರ್ನಿಷ್ ವಾಸನೆ ಬಡಿದಿರಬೇಕು, ಯಾರೂ ಏನೂ ಹೇಳಲಿಲ್ಲ. ಪೆಟ್ಟಿಗೆಯ ಕೆಳಗೆ ಹಿತ್ತಾಳೆ ಫಲಕವಿತ್ತು, ಅದರಲ್ಲಿ ಮೇಷ್ಟ್ರ ಹೆಸರಿತ್ತು. ಕೆಸರನ್ನು ಯಾರೂ ಹೊಗಳಲಿಲ್ಲ. ಎಲ್ಲರೂ ಹೊಗಳಿದ್ದು ಮಂಜನ್ನು.

ಮಾರನೆಯ ದಿನವೇ ಡೈರೆಕ್ಟರು ಮೇಷ್ಟ್ರಿಗೆ ರಜೆ ಬರೆಸಿ, ತಾವೇ ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ನಿವೃತ್ತಿಗೆ ಎರಡು ವಾರವಿರುವಾಗ ದಪ್ಪ ಕನ್ನಡಕ ಹಾಕಿಕೊಂಡು ಬಂದರು. ನೇರವಾಗಿ ಅಳಿವೆಯ ಮುಂದೆ ಹೋಗಿ ನಿಂತರು. ನಾನು ಸಂತೋಷದಿಂದ ಹಿಂದೆ ನಿಂತಿದ್ದೆ.

"ಇಷ್ಟು ಮಂಜು ಯಾರು ಹಾಕಿದ್ದು?" ಎಂದರು.

ಚಿತ್ರದ ಪುಸ್ತಕ ತರಿಸಿಕೊಂಡು ಅಂಚಿನಲ್ಲಿದ್ದ ತಮಿಳನ್ನು ಓದಿ ಹೇಳಿದರು. ಮಧ್ಯಾಹ್ನ. ನೀರು ಇಳಿದಿದೆ. ಉರಿ ಬಿಸಿಲು. ಅಲ್ಲಿ ಒಂದು ಚೂರೂ ಮಂಜಿರಲಿಲ್ಲ. ಮಂಜು ಇದ್ದದ್ದು ಅವರ ಕಣ್ಣಲ್ಲಿ.

"ಗಾಜು ತೆಗ್ಸುಮ್ಮಾ. ಎರಡು ದಿನ ಸಾಕು, ಸರಿ ಮಾಡ್ಬಿಡ್ತೀನಿ. ನಿನ್ನ ಕೆಸರು ಸರಿ ಮಾಡಿ ನನ್ನ ಆಕಾಶ ತಪ್ಪು ಬಿಡೋದಾ? ನನ್ನ ಹೆಸರಿದೆ ಕೆಳಗೆ."

ಡೈರೆಕ್ಟರನ್ನು ಕೇಳಿ ಬರುತ್ತೇನೆಂದು ಹೋದೆ. ಪಡಸಾಲೆಯ ಕೊನೆಯವರೆಗೆ ನಡೆದು, ಕಿಟಕಿಯ ಹತ್ತಿರ ನಿಂತು, ಹಿಂದಿರುಗಿ ಬಂದು, "ಆಗಲ್ಲ ಅಂದ್ರು ಮೇಷ್ಟ್ರೇ" ಎಂದೆ. ಡೈರೆಕ್ಟರ ಕೋಣೆಗೆ ನಾನು ಕಾಲಿಡಲೇ ಇಲ್ಲ. ಆ ಮಂಜು ಅಳಿಸಿಹೋಗುವುದು ನನಗೆ ಬೇಡವಾಗಿತ್ತು. ಮೇಷ್ಟ್ರು ಆ ಮಾತನ್ನು ನಂಬಿಯೇ ನಿವೃತ್ತರಾದರು, ನಂಬಿಯೇ ತೀರಿಕೊಂಡರು. ಆಮೇಲೆ ಕೆಲಸಕ್ಕೆ ಬಂದವರಿಗೆಲ್ಲ ನಾನು ನೂರು ಸಲ ಹೇಳಿದ್ದೇನೆ, ತಪ್ಪು ಗೊತ್ತಾದರೆ ಗಾಜು ತೆಗೆಯಿರಿ ಎಂದು. ಈ ಮಂಜಿನ ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ.

ನಿವೃತ್ತಳಾದ ಮೇಲೆ ಮೊದಲ ಬಾರಿಗೆ ಕರಾವಳಿಗೆ ಹೋದೆ. ಶೀನಣ್ಣ ಊರಿಗೆ ಮರಳಿ ವರ್ಷಗಳಾಗಿದ್ದವು. ಅವನೇ ನನ್ನನ್ನು ಅಳಿವೆಯ ದಂಡೆಗೆ ಕರೆದುಕೊಂಡು ಹೋದ. ಮಧ್ಯಾಹ್ನ, ನೀರು ಇಳಿದಿತ್ತು, ಉರಿ ಬಿಸಿಲು. ಕೆಸರು ಬೆಣ್ಣೆಯ ಹಾಗೆ ಹೊಳೆಯುತ್ತಿತ್ತು. ಏಡಿಗಳು, ಬೆಳ್ಳಕ್ಕಿ, ಕೊಂಬೆಯ ಮೇಲೆ ನಿಜವಾದ ಮಿಂಚುಳ್ಳಿ. ಆಚೆ ದಡದ ತೆಂಗಿನ ಗರಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಎಲ್ಲ ಸರಿಯಾಗಿತ್ತು. ನನಗೆ ಮಾತ್ರ ಇದು ಯಾವುದೋ ಬೇರೆ ಊರು ಅನ್ನಿಸಿತು.

ಈಗ ನನಗೂ ಕಣ್ಣು ಮಂದ, ಕನ್ನಡಕ ಬಂದಿದೆ. ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಮತ್ತೆ ನೋಡಿದೆ. ಆಚೆ ದಡ ಕರಗಿತು. ತೆಂಗಿನ ಸಾಲು ಇದೆಯೋ ಇಲ್ಲವೋ ಅನ್ನುವ ಹಾಗಾಯಿತು. ಹನ್ನೊಂದು ದಿನ ಮೇಷ್ಟ್ರು ಈ ದಂಡೆಯಲ್ಲಿ ಕೂತು ನೋಡಿದ್ದು ಇದನ್ನೇ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದರು.

"ಕನ್ನಡಕ ಹಾಕ್ಕೊಳ್ಳಿ ಅಕ್ಕ, ಕಾಲು ಹುಗೀತದೆ" ಎಂದ ಶೀನಣ್ಣ.

"ಸ್ವಲ್ಪ ತಾಳು" ಎಂದೆ.